ಟೈಮಿಂಗ್ ಎಲ್ಲಿ ಕೈಕೊಟ್ಟಿತು? ಮಲೆನಾಡಿನ ಸೈಕಲ್ ರೇಸ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ದೂರು ಬಂದ ಕೂಡಲೇ ಫಲಿತಾಂಶದ ಪಟ್ಟಿಗೆ ಕೈ ಹಾಕಬೇಡಿ. ಮೊದಲು ರೀಡರ್‌ನೊಳಗಿನ, ಅಂದರೆ ಸವಾರರ ಚಿಪ್ ಓದಿ ಸಮಯ ಬರೆದುಕೊಳ್ಳುವ ಪೆಟ್ಟಿಗೆಯೊಳಗಿನ, ಕಚ್ಚಾ ಲಾಗ್ ಅನ್ನು ಪೆನ್‌ಡ್ರೈವ್‌ಗೆ ಇಳಿಸಿ ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಯಾರು ಏನು ಹೇಳುತ್ತಾರೆ ಕೇಳಿ. ಗದ್ದಲದ ನಡುವೆ ಒಬ್ಬರ ಸಮಯವನ್ನು ತಿದ್ದಿದರೆ ಅವರ ಹಿಂದುಮುಂದಿನವರ ಸ್ಥಾನವೂ ಕದಲುತ್ತದೆ. ಸ್ವಲ್ಪ ಹೊತ್ತಿಗೆ ಯಂತ್ರ ಬರೆದದ್ದು ಯಾವುದು, ನೀವು ಬರೆದದ್ದು ಯಾವುದು ಎಂದು ನಿಮಗೇ ತಿಳಿಯದಂತಾಗುತ್ತದೆ.

ಎರಡನೆಯ ಕೆಲಸ ದೂರುಗಳನ್ನು ವಿಂಗಡಿಸುವುದು. ಯಂತ್ರವನ್ನು ಬಿಚ್ಚುವುದಕ್ಕಿಂತ ದೂರುದಾರರ ಪಟ್ಟಿಯನ್ನು ನೋಡಿದರೆ ದೋಷ ಬೇಗ ಸಿಗುತ್ತದೆ. ಅಲ್ಲೊಬ್ಬರು ಇಲ್ಲೊಬ್ಬರು ಕಾಣೆಯಾಗಿದ್ದರೆ ಚಿಪ್ ನೋಡಿ. ಒಂದೇ ಹೊತ್ತಿಗೆ ಬಂದ ಗುಂಪಿಗೆ ಗುಂಪೇ ಕಾಣೆಯಾಗಿದ್ದರೆ ಮ್ಯಾಟ್ (ಗೆರೆಯ ಮೇಲೆ ಹಾಸುವ, ಆಂಟೆನಾ ಇರುವ ಚಾಪೆ), ಕೇಬಲ್, ವಿದ್ಯುತ್ತು. ಎಲ್ಲರ ಸಮಯವೂ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಗಡಿಯಾರ. ಮಹಿಳೆಯರದು ಮಾತ್ರ, ಅಥವಾ ಐವತ್ತು ದಾಟಿದವರದು ಮಾತ್ರ ತಪ್ಪಿದ್ದರೆ ಸಾಫ್ಟ್‌ವೇರ್‌ನಲ್ಲಿ ಆ ವಿಭಾಗಕ್ಕೆ ಕೊಟ್ಟ ಆರಂಭದ ಸಮಯ. ಈ ನಾಲ್ಕರಲ್ಲಿ ಯಾವುದಕ್ಕೂ ಸೇರದ ದೂರು ಬಂದರೆ, ಅದು ಬಹುಮಟ್ಟಿಗೆ ಟೈಮಿಂಗ್‌ನ ದೋಷವಲ್ಲ, ನಿಯಮದ ಬಗೆಗಿನ ತಕರಾರು.

ಉದಾಹರಣೆಗೆ ಒಂದು ದಾರಿಯನ್ನು ಇಟ್ಟುಕೊಳ್ಳೋಣ: ಬೆಳಿಗ್ಗೆ ಶಿವಮೊಗ್ಗದಲ್ಲಿ ಆರಂಭ, ಗಾಜನೂರು, ಸಕ್ರೆಬೈಲು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆಯಲ್ಲಿ ಮುಕ್ತಾಯ. ಸುಮಾರು 90 ಕಿಲೋಮೀಟರ್. ಆರಂಭದಲ್ಲೊಂದು ರೀಡರ್, ತೀರ್ಥಹಳ್ಳಿಯಲ್ಲೊಂದು, ಕೊನೆಯಲ್ಲೊಂದು. ಮೂರು ಪೆಟ್ಟಿಗೆಗಳಿಗೆ ಮೂರು ಬೇರೆ ಬೇರೆ ಗಡಿಯಾರಗಳಿವೆ ಎಂಬುದನ್ನು ಈಗಲೇ ಗುರುತು ಹಾಕಿಕೊಳ್ಳಿ.

ಚಿಪ್‌ಗೆ ಸಮಯ ಗೊತ್ತಿಲ್ಲ

ಸವಾರರಲ್ಲಿ ಹೆಚ್ಚಿನವರು ಚಿಪ್‌ನೊಳಗೆ ಪುಟ್ಟ ಗಡಿಯಾರವೊಂದು ಓಡುತ್ತಿದೆ ಎಂದುಕೊಂಡಿರುತ್ತಾರೆ. ಬಿಬ್‌ಗೋ (ಸವಾರರ ಸಂಖ್ಯೆಯ ಚೀಟಿ) ಸೀಟ್ ಪೋಸ್ಟ್‌ಗೋ ಅಂಟಿಸುವ ಅಗ್ಗದ ಚಿಪ್‌ನಲ್ಲಿ ಬ್ಯಾಟರಿಯೂ ಇಲ್ಲ, ಗಡಿಯಾರವೂ ಇಲ್ಲ. ರೀಡರ್ ತನ್ನ ಆಂಟೆನಾಗಳ ಮೂಲಕ ರೇಡಿಯೊ ಅಲೆಗಳನ್ನು ಬಿಡುತ್ತದೆ. ಭಾರತದಲ್ಲಿ ಇದಕ್ಕೆ ಪರವಾನಗಿ ಬೇಕಿಲ್ಲದ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಆ ಅಲೆಯ ಶಕ್ತಿಯಿಂದಲೇ ಚಿಪ್ ಎಚ್ಚರಗೊಂಡು ತನ್ನ ಸಂಖ್ಯೆಯನ್ನು ಹೇಳುತ್ತದೆ. ಅಷ್ಟೇ. ಸಮಯದ ಮುದ್ರೆ ಒತ್ತುವುದು ರೀಡರ್. ಆ ಸಂಖ್ಯೆ ಯಾರದು ಎಂದು ಹೇಳುವುದು ಕಂಪ್ಯೂಟರಿನಲ್ಲಿರುವ ನೋಂದಣಿ ಪಟ್ಟಿ. ಎಷ್ಟು ಗಂಟೆ ತೆಗೆದುಕೊಂಡರು ಎಂದು ಕಳೆಯುವ ಲೆಕ್ಕ ಮಾಡುವುದು ಸಾಫ್ಟ್‌ವೇರ್.

ದುಬಾರಿ ರೇಸ್‌ಗಳಲ್ಲಿ ಬಳಸುವ ಬ್ಯಾಟರಿ ಸಹಿತ ಟ್ರಾನ್ಸ್‌ಪಾಂಡರ್‌ಗಳ ಕಥೆ ಬೇರೆ. ಅವನ್ನು ಸಾಮಾನ್ಯವಾಗಿ ಮುಂದಿನ ಫೋರ್ಕ್‌ಗೆ ಕಟ್ಟುತ್ತಾರೆ, ರಸ್ತೆಗೆ ತಂತಿಯ ಸುರುಳಿ ಹಾಸುತ್ತಾರೆ, ನಿಖರತೆಯೂ ಹೆಚ್ಚು. ನಮ್ಮ ಕಡೆಯ ಸಾರ್ವಜನಿಕ ರೇಸ್‌ಗಳ ಬಜೆಟ್‌ಗೆ ಅವು ಎಟುಕುವುದು ಅಪರೂಪ, ಹಾಗಾಗಿ ಮುಂದಿನದೆಲ್ಲ ಬ್ಯಾಟರಿ ಇಲ್ಲದ ಚಿಪ್ ಕುರಿತದ್ದು.

ಒಬ್ಬರು, ಇಬ್ಬರು ಕಾಣೆಯಾದರೆ

ಆ ಸವಾರರನ್ನು ಕರೆದು ಸೈಕಲ್ ಸಮೇತ ನಿಲ್ಲಿಸಿಕೊಳ್ಳಿ. ಚಿಪ್ ಎಲ್ಲಿ ಅಂಟಿದೆ ನೋಡಿ. 866 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಅದಕ್ಕೆ ಎರಡು ಶತ್ರುಗಳು, ಲೋಹ ಮತ್ತು ನೀರು. ಲೋಹಕ್ಕೆ ನೇರವಾಗಿ ಅಂಟಿಸಿದ ಸಾಮಾನ್ಯ ಚಿಪ್ ಬಹುತೇಕ ಮೂಕವಾಗುತ್ತದೆ. ಕಾರ್ಬನ್ ಫ್ರೇಮ್ ಲೋಹವಲ್ಲವಲ್ಲ ಎಂದು ವಾದಿಸುವವರು ಇರುತ್ತಾರೆ. ಕಾರ್ಬನ್ ನಾರಿನಲ್ಲೂ ವಿದ್ಯುತ್ ಹರಿಯುತ್ತದೆ, ಅಲೆಗೆ ಅದೂ ಅಡ್ಡಿಯೇ. ಅದಕ್ಕೇ ಸೀಟ್ ಪೋಸ್ಟ್‌ಗೆ ಹಾಕುವ ಚಿಪ್ ಬಾವುಟದಂತೆ ಹೊರಗೆ ಚಾಚಿಕೊಂಡಿರಬೇಕು. ಅದು ಗಾಳಿಗೆ ಪಟಪಟ ಎನ್ನುತ್ತದೆ ಎಂದು ಮಡಚಿ ಟೇಪ್ ಸುತ್ತಿದವರ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ.

ನೀರಿನ ಕಾಟ ಮಲೆನಾಡಿನಲ್ಲಿ ಕೇಳಬೇಕೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಬೆನ್ನಿನ ಬಿಬ್‌ಗೆ ಅಂಟಿಸಿದ ಚಿಪ್, ಅದರ ಮೇಲೆ ತೊಟ್ಟ ಮಳೆ ಜಾಕೆಟ್, ಒಳಗೆ ಬೆವರಿನಿಂದ ತೊಯ್ದ ಜೆರ್ಸಿ: ಚಿಪ್ ಒದ್ದೆ ಬಟ್ಟೆಗೂ ಮೈಗೂ ಒತ್ತಿ ಕೂತಿರುತ್ತದೆ, ಮೈಯಲ್ಲಿರುವುದೂ ಬಹುಪಾಲು ನೀರೇ. ಮಳೆಗಾಲದ ರೇಸ್ ಎಂದರೆ ಚಿಪ್ ಹೆಲ್ಮೆಟ್ ಮೇಲೆ ಅಥವಾ ಹ್ಯಾಂಡಲ್ ಮುಂದಿನ ಪ್ಲಾಸ್ಟಿಕ್ ಫಲಕದ ಮೇಲೆ ಇರಬೇಕು, ಫಲಕಕ್ಕೂ ಕೊಳವೆಗೂ ನಡುವೆ ಬೆರಳಿನಷ್ಟು ಫೋಮ್ ಇರಬೇಕು.

ಚಿಪ್ ಸರಿಯಾಗಿಯೇ ಇದೆಯೆಂದು ತೋರಿದರೆ ರೀಡರ್ ಮುಂದೆ ಒಂದು ಮೀಟರ್ ದೂರದಲ್ಲಿ ಹಿಡಿದು ನೋಡಿ. ಪರದೆಯ ಮೇಲೆ ಸಂಖ್ಯೆ ಬಂತೇ? ಬಂದ ಸಂಖ್ಯೆ ಆ ಬಿಬ್‌ನದೇ? ಚಿಪ್ ಚೆನ್ನಾಗಿದ್ದು ಪಟ್ಟಿ ಕೆಟ್ಟಿರುವುದುಂಟು. ಚಿಪ್ ಸಂಖ್ಯೆಗಳನ್ನು ಬಿಬ್ ಸಂಖ್ಯೆಗಳ ಎದುರು ಎಕ್ಸೆಲ್‌ನಲ್ಲಿ ತುಂಬಿಸುವಾಗ ಒಂದು ಸಾಲು ಜಾರಿದರೆ ಅಲ್ಲಿಂದ ಮುಂದಿನವರೆಲ್ಲ ಪಕ್ಕದವರ ಸಮಯವನ್ನು ಹೊತ್ತುಕೊಳ್ಳುತ್ತಾರೆ. ಇದರ ಗುರುತು ವಿಚಿತ್ರವಾಗಿರುತ್ತದೆ: ಯಾರೂ ಕಾಣೆಯಾಗಿರುವುದಿಲ್ಲ, ಆದರೆ ಅರವತ್ತರ ಹಿರಿಯರೊಬ್ಬರು ಇಪ್ಪತ್ತರ ಹುಡುಗರನ್ನೆಲ್ಲ ಹಿಂದೆ ಹಾಕಿರುತ್ತಾರೆ. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿ ರಾತ್ರಿ ಸೈಕಲ್ ಸಜ್ಜುಗೊಳಿಸುವಾಗ ಚಿಪ್ ಅದಲುಬದಲಾಗಿದ್ದರೂ ಇದೇ ಲಕ್ಷಣ, ಇಬ್ಬರ ಮಟ್ಟಿಗೆ.

ಇನ್ನೊಂದು: ಲಾಗ್‌ನಲ್ಲಿ ನಿಮ್ಮ ಪಟ್ಟಿಯಲ್ಲೇ ಇಲ್ಲದ ಸಂಖ್ಯೆಗಳು ಕಂಡರೆ ಗಾಬರಿ ಬೇಡ. ಹೋದ ವರ್ಷದ ಬೇರೆ ಯಾವುದೋ ರೇಸ್‌ನ ಚಿಪ್ ಹೆಲ್ಮೆಟ್ ಮೇಲೇ ಉಳಿದಿರುತ್ತದೆ, ನೆನಪಿಗಿರಲಿ ಎಂದು.

ಗುಂಪಿಗೆ ಗುಂಪೇ ಕಾಣೆಯಾದರೆ

ಲಾಗ್‌ ಅನ್ನು ಸಮಯದ ಕ್ರಮದಲ್ಲಿ ಜೋಡಿಸಿ, ಮೌನವನ್ನು ಹುಡುಕಿ. ಸವಾರರು ಒಬ್ಬರ ಹಿಂದೊಬ್ಬರು ಬರುತ್ತಿದ್ದ ಹೊತ್ತಿನಲ್ಲಿ ನಾಲ್ಕು ನಿಮಿಷ ಒಂದು ಸಾಲೂ ಇಲ್ಲವೆಂದರೆ ಅಷ್ಟು ಹೊತ್ತು ಪೆಟ್ಟಿಗೆ ಸತ್ತಿತ್ತು. ಜನರೇಟರಿಗೆ ಪೆಟ್ರೋಲ್ ಹಾಕಲು ನಿಲ್ಲಿಸಿದರೇ, ಕಾಫಿ ಯಂತ್ರದವರು ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಪ್ಲಗ್ ಹಾಕಿದರೇ ಎಂದು ಕೇಳಿ. ರೀಡರ್‌ಗೆ ಅದರದೇ ಬ್ಯಾಟರಿ ಇರಲಿ. ಜನರೇಟರ್ ಆ ಬ್ಯಾಟರಿಯನ್ನು ತುಂಬಿಸಲಷ್ಟೇ ಇರಲಿ.

ಮೌನವಿಲ್ಲ, ಆದರೂ ಜನ ತಪ್ಪಿಹೋಗಿದ್ದಾರೆ ಎಂದರೆ ಪ್ರತಿ ಆಂಟೆನಾ ಎಷ್ಟು ಓದಿದೆ ಎಂದು ಎಣಿಸಿ. ಸಾಮಾನ್ಯ ರೀಡರ್‌ಗೆ ನಾಲ್ಕು ಆಂಟೆನಾ ಇರುತ್ತವೆ, ಅವನ್ನು ಸರದಿಯಲ್ಲಿ ಕೇಳಿಸಿಕೊಳ್ಳುತ್ತದೆ. ಮೂರು ಆಂಟೆನಾಗಳು ಸಾವಿರಗಟ್ಟಲೆ ಓದಿ ನಾಲ್ಕನೆಯದು ಹತ್ತೋ ಇಪ್ಪತ್ತೋ ಓದಿದ್ದರೆ ಆ ಕೇಬಲ್‌ನ ಕನೆಕ್ಟರ್ ಬಿಚ್ಚಿ ನೋಡಿ. ಒಳಗೆ ನೀರು ಇರುತ್ತದೆ. ಹಸಿರು ಬಣ್ಣ ಹಿಡಿದಿದ್ದರೆ ನೀರು ಹೊಕ್ಕು ಬಹಳ ಕಾಲವಾಗಿದೆ ಎಂದರ್ಥ. ಒರೆಸಿ ಮತ್ತೆ ತಿರುಗಿಸಿದರೆ ಸಾಲದು, ಕೇಬಲ್ ಬದಲಿಸಿ; ಹೊಸದಕ್ಕೆ ರಬ್ಬರ್ ಟೇಪ್ ಸುತ್ತಿ, ಕನೆಕ್ಟರ್ ಇರುವ ಕಡೆಗೆ ನೀರು ಇಳಿದುಬರದಂತೆ ಕೇಬಲ್‌ ಅನ್ನು ಒಮ್ಮೆ ಕೆಳಗೆ ಇಳಿಬಿಟ್ಟು ಮೇಲೆ ತನ್ನಿ.

ಮ್ಯಾಟ್ ಹಾಸಿದ ಜಾಗವನ್ನೂ ನೋಡಿ. ಚರಂಡಿಯ ಕಬ್ಬಿಣದ ಜಾಲರಿಯ ಮೇಲೆ, ನೀರು ನಿಲ್ಲುವ ತಗ್ಗಿನಲ್ಲಿ ಮ್ಯಾಟ್ ಬೇಡ. ರಸ್ತೆ ಬದಿಗೆ ಕಂಬ ನೆಟ್ಟು ಒಂದೇ ಪಕ್ಕದಿಂದ ಓದಿಸುತ್ತಿದ್ದರೆ, ಅಕ್ಕಪಕ್ಕ ಮೂವರು ಬಂದಾಗ ಆಚೆಯವರ ಚಿಪ್‌ಗೆ ಈಚೆಯವರ ಮೈಯೇ ಗೋಡೆ. ಎರಡೂ ಪಕ್ಕದಲ್ಲಿ ಆಂಟೆನಾ ಬೇಕು, ಆಗುವುದಾದರೆ ಕಮಾನಿನ ಮೇಲಿಂದಲೂ. ಹೊರದೇಶದಿಂದ ತರಿಸಿದ ಹಳೆಯ ರೀಡರ್ ಆಗಿದ್ದರೆ ಅದರ ಪ್ರದೇಶದ ಹೊಂದಾಣಿಕೆಯನ್ನೂ ಪರೀಕ್ಷಿಸಿ. ಅಮೆರಿಕದ 902–928 ಮೆಗಾಹರ್ಟ್ಸ್‌ನಲ್ಲಿ ಬಿಟ್ಟರೆ ನಮ್ಮಲ್ಲಿ ಅದು ನಿಯಮಬಾಹಿರ. ಮೊಬೈಲ್ ಸೇವೆಯ ಪಟ್ಟಿಯೊಳಗೇ ಕಾಲಿಟ್ಟಂತಾಗುತ್ತದೆ.

ವೇಗದ ಲೆಕ್ಕವನ್ನೂ ಮರೆಯಬಾರದು. ಓಟದ ಸ್ಪರ್ಧೆಗೆ ಸಾಕಾಗುವ ಸಜ್ಜಿಕೆ ಸೈಕಲ್‌ಗೆ ಸಾಲುವುದಿಲ್ಲ. ಗಂಟೆಗೆ 40 ಕಿಲೋಮೀಟರ್ ಎಂದರೆ ಸೆಕೆಂಡಿಗೆ 11 ಮೀಟರ್. ಆಂಟೆನಾ ನಾಲ್ಕು ಮೀಟರ್ ಉದ್ದಕ್ಕೆ ಕೇಳಿಸಿಕೊಳ್ಳುತ್ತದೆ ಎಂದರೂ ಸವಾರ ಅದರೊಳಗೆ ಇರುವುದು ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಅಷ್ಟರಲ್ಲಿ ಮೂವತ್ತು ಜನರ ಚಿಪ್‌ಗಳು ಒಟ್ಟಿಗೇ ಉತ್ತರ ಕೊಡಲು ಹವಣಿಸುತ್ತವೆ. ಅದಕ್ಕೇ ಇಳಿಜಾರಿನ ತುದಿಯಲ್ಲಿ ಮುಕ್ತಾಯದ ಗೆರೆ ಇಡುವ ಆಯೋಜಕರನ್ನು ಕಂಡರೆ ಟೈಮಿಂಗ್‌ನವರಿಗೆ ಮೈ ಉರಿಯುತ್ತದೆ. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಿ ಮೇಲೆ ಮುಗಿಸುವ ರೇಸ್ ನಮ್ಮ ಪಾಲಿಗೆ ಹಬ್ಬ. 14 ಹೇರ್‌ಪಿನ್ ತಿರುವುಗಳನ್ನು ದಾಟಿ ಬಂದವರು ಗೆರೆಯ ಮೇಲೆ ತೆವಳುತ್ತಾರೆ, ಒಂದು ಚಿಪ್ಪೂ ತಪ್ಪುವುದಿಲ್ಲ.

ಒಂದು ಬಿಬ್‌ನ ಲಾಗ್

ಇಷ್ಟು ಹೊತ್ತು ಕಾಣೆಯಾದವರ ಗೋಳು. ಇದು ಪಟ್ಟಿಯಲ್ಲಿದ್ದೂ ಸಮಯ ತಪ್ಪಾದವರದು. ಬಿಬ್ 214ರ ಕಚ್ಚಾ ಸಾಲುಗಳು ಹೀಗಿವೆ ಎನ್ನಿ:

06:12:09.4 — ಆರಂಭ
06:28:41.1 — ಆರಂಭ
06:30:37.6 — ಆರಂಭ
10:02:15.0 — ಮುಕ್ತಾಯ
10:19:40.3 — ಮುಕ್ತಾಯ

ಬಾವುಟ ಬೀಸಿದ್ದು 6:30:00ಕ್ಕೆ. ಸವಾರ ಆರೂ ಹನ್ನೆರಡಕ್ಕೆ ಗೆರೆಯ ಹತ್ತಿರ ಬಂದು ಮೊಬೈಲಿನಲ್ಲಿ ಪಟ ತೆಗೆಸಿಕೊಂಡಿದ್ದಾರೆ. ಆರೂ ಇಪ್ಪತ್ತೆಂಟಕ್ಕೆ ಸಾಲಿನಲ್ಲಿ ನಿಲ್ಲಲು ಬಂದಿದ್ದಾರೆ. ನಿಜವಾಗಿ ಗೆರೆ ದಾಟಿದ್ದು ಮೂರನೆಯ ಸಾಲು. ಮುಗಿಸಿದ್ದು ನಾಲ್ಕನೆಯದು; ಐದನೆಯದು ಪದಕ ಹಾಕಿಕೊಂಡು ಕಮಾನಿನ ಕೆಳಗೆ ಇನ್ನೊಂದು ಪಟಕ್ಕೆ ಬಂದದ್ದು. ಸರಿಯಾದ ಚಿಪ್ ಟೈಮ್ (ತಾವು ಗೆರೆ ದಾಟಿದಾಗಿನಿಂದ) 3:31:37.4, ಗನ್ ಟೈಮ್ (ಬಾವುಟ ಬೀಸಿದಾಗಿನಿಂದ) 3:32:15.0. ಸಾಫ್ಟ್‌ವೇರ್ ಆರಂಭದಲ್ಲಿ ಮೊದಲ ಓದನ್ನು ಹಿಡಿದರೆ 3:50:05.6 ಎಂದು ತೋರಿಸುತ್ತದೆ. ಮುಕ್ತಾಯದಲ್ಲಿ ಕೊನೆಯ ಓದನ್ನು ಹಿಡಿದರೆ ಹದಿನೇಳು ನಿಮಿಷ ಬೇರೆ ಸೇರುತ್ತದೆ.

ಆದ್ದರಿಂದ ಆರಂಭಕ್ಕೆ ಕೊನೆಯ ಓದು, ಮುಕ್ತಾಯಕ್ಕೆ ಮೊದಲ ಓದು. ಆರಂಭದ ಓದಿಗೆ ಒಂದು ಕಿಟಕಿಯನ್ನೂ ಕಟ್ಟಿ: ಬಾವುಟ ಬೀಸುವ ಮೊದಲಿನದನ್ನು ಎಣಿಸಬೇಡ, ಬೀಸಿ ಹತ್ತು ನಿಮಿಷದ ನಂತರದ್ದನ್ನೂ ಎಣಿಸಬೇಡ ಎಂದು. ಇಲ್ಲವಾದರೆ ಪಂಕ್ಚರ್ ಹಾಕಿಸಿಕೊಳ್ಳಲು ಹಿಂದಿರುಗಿ ಬಂದವರಿಗೆ ಹೊಸ ಆರಂಭವೇ ಸಿಕ್ಕಿಬಿಡುತ್ತದೆ.

ಈಗ ಕಷ್ಟದ ಸಂಗತಿ. ಮೂರನೆಯ ಸಾಲು ಲಾಗ್‌ನಲ್ಲೇ ಇಲ್ಲದಿದ್ದರೆ? ಮುಂದಿನ ಸಾಲುಗಳಲ್ಲಿ ನಿಂತಿದ್ದವರಿಗೆಲ್ಲ ಬಾವುಟಕ್ಕೆ ಮೊದಲಿನ ಒಂದು ಓದಿದೆ, ದಾಟಿದ ಓದು ಇಲ್ಲ, ಹಿಂದಿನವರಿಗೆ ಸರಿಯಾಗಿದೆ. ಇದು ಚಿಪ್ಪಿನ ದೋಷವೂ ಅಲ್ಲ, ಕೇಬಲ್‌ನದೂ ಅಲ್ಲ. ಒಮ್ಮೆ ಓದಿಸಿಕೊಂಡ ಚಿಪ್ ಸ್ವಲ್ಪ ಹೊತ್ತು ಸುಮ್ಮನಿದ್ದು ಉಳಿದವಕ್ಕೆ ಅವಕಾಶ ಕೊಡಲಿ ಎಂಬ ವ್ಯವಸ್ಥೆ ಈ ಚಿಪ್‌ಗಳಲ್ಲಿದೆ. ರೀಡರ್‌ನ ಸೆಷನ್ ಅನ್ನು (ಈ ಮೌನ ಎಷ್ಟು ಹೊತ್ತು ಎಂದು ನಿರ್ಧರಿಸುವ ಹೊಂದಾಣಿಕೆ) ಎರಡು ಅಥವಾ ಮೂರಕ್ಕೆ ಇಟ್ಟು, ಇನ್ನೂ ಓದದ ಚಿಪ್ಪುಗಳನ್ನು ಮಾತ್ರ ಕೇಳುವ ಸಿಂಗಲ್ ಟಾರ್ಗೆಟ್ ಮಾಡಿದ್ದರೆ, ಅಲೆಯ ಶಕ್ತಿ ತಾಗುತ್ತಿರುವವರೆಗೂ ಚಿಪ್ ಬಾಯಿ ಮುಚ್ಚಿಕೊಂಡೇ ಇರುತ್ತದೆ, ಶಕ್ತಿ ನಿಂತ ಮೇಲೂ ಎರಡು ಸೆಕೆಂಡಿಗಿಂತ ಹೆಚ್ಚು. ಮ್ಯಾಟ್‌ಗೆ ತಾಗಿದಂತೆ ನಿಂತವರ ಚಿಪ್ ಇಪ್ಪತ್ತೆಂಟಕ್ಕೆ ಒಮ್ಮೆ ಕೂಗಿ, ದಾಟುವಾಗ ಮೌನವಾಗಿತ್ತು. ಆರಂಭದ ರೀಡರ್‌ ಅನ್ನು ಸೊನ್ನೆ ಅಥವಾ ಒಂದನೆಯ ಸೆಷನ್‌ಗೆ ಬದಲಿಸಿ. ಅದಕ್ಕಿಂತ ಸುಲಭದ ಮದ್ದು, ಸವಾರರ ಮೊದಲ ಸಾಲನ್ನು ಮ್ಯಾಟ್‌ನಿಂದ ಹದಿನೈದು ಮೀಟರ್ ಹಿಂದೆ ನಿಲ್ಲಿಸಿ. ಹಗ್ಗ ಕಟ್ಟದೆ ಇದು ಸಾಧ್ಯವಿಲ್ಲ. ಮೈಕಿನಲ್ಲಿ ಎಷ್ಟು ಸಲ ಹೇಳಿದರೂ ಜನ ಮುಂದೆ ಒತ್ತುತ್ತಲೇ ಇರುತ್ತಾರೆ.

ಎಲ್ಲರದೂ ತಪ್ಪಿದ್ದರೆ

ತಪ್ಪಿನ ಅಳತೆಯೇ ಕಾರಣವನ್ನು ಹೇಳುತ್ತದೆ. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸವಿದ್ದರೆ ಒಂದು ಪೆಟ್ಟಿಗೆ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿ, ಇನ್ನೊಂದು ಭಾರತೀಯ ಸಮಯದಲ್ಲಿ ಓಡುತ್ತಿದೆ. ಸರಿಯಾಗಿ 18 ಸೆಕೆಂಡು ಇದ್ದರೆ ಜಿಪಿಎಸ್ ಗಡಿಯಾರವನ್ನು ಅನುಮಾನಿಸಿ: ಉಪಗ್ರಹಗಳ ಕಾಲಮಾನ ಯುಟಿಸಿಗೆ ಆಗಾಗ ಕೂಡಿಸುವ ಲೀಪ್ ಸೆಕೆಂಡುಗಳನ್ನು ಸೇರಿಸಿಕೊಳ್ಳುವುದಿಲ್ಲ, 2017ರ ಜನವರಿಯಿಂದ ಅದು ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಆ ತಿದ್ದುಪಡಿಯ ಮಾಹಿತಿಯನ್ನು ಉಪಗ್ರಹಗಳು ಹನ್ನೆರಡೂವರೆ ನಿಮಿಷಕ್ಕೊಮ್ಮೆ ಕಳುಹಿಸುತ್ತವೆ. ಪೆಟ್ಟಿಗೆ ತೆರೆದ ಎರಡೇ ನಿಮಿಷಕ್ಕೆ ಸಮಯ ಹೊಂದಿಸಿಕೊಂಡರೆ ಅದು ಬಂದಿರದೆ ಇರಬಹುದು. ಕಾಲು ಗಂಟೆ ಆಕಾಶಕ್ಕೆ ಮುಖಮಾಡಿ ಇಡಿ, ಹಲಸಿನ ಮರದ ಕೆಳಗಲ್ಲ.

ಸುತ್ತುಸಂಖ್ಯೆಯಲ್ಲದ ವ್ಯತ್ಯಾಸ, 47 ಸೆಕೆಂಡು, ಎರಡು ನಿಮಿಷ ಹನ್ನೊಂದು ಸೆಕೆಂಡು ಎನ್ನುವಂಥದ್ದು, ಯಾರೋ ಕೈಗಡಿಯಾರ ನೋಡಿ ಹೊಂದಿಸಿದ ಫಲ. ಘಾಟಿಯ ಮೇಲೆ ಮೊಬೈಲ್ ಸಂಪರ್ಕ ಸಿಗದೆ ಇಂಟರ್‌ನೆಟ್‌ನಿಂದ ಸಮಯ ಪಡೆಯಲಾಗದಾಗ ಹೀಗೆ ಮಾಡುತ್ತಾರೆ. ಮೂರು ಪೆಟ್ಟಿಗೆಗಳನ್ನೂ ಶಿವಮೊಗ್ಗದಲ್ಲೇ ಒಂದೇ ಮೂಲದಿಂದ ಹೊಂದಿಸಿ, ಆರಿಸದೆ ಗಾಡಿಗೆ ಹಾಕಿ ಕಳುಹಿಸಿ. ಸಾಧಾರಣ ಸ್ಫಟಿಕ ಗಡಿಯಾರ ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ಐದು ಗಂಟೆಯ ರೇಸ್‌ಗೆ ಅರ್ಧ ಸೆಕೆಂಡೂ ಆಗುವುದಿಲ್ಲ. ಕೈಯಿಂದ ಹೊಂದಿಸುವುದಕ್ಕಿಂತ ಅದು ಎಷ್ಟೋ ಮೇಲು. ರೇಸ್ ಮುಗಿದ ಮೇಲೆ ಪೆಟ್ಟಿಗೆಗಳು ಮತ್ತೆ ಒಟ್ಟಿಗೆ ಸೇರಿದಾಗ ಒಂದೇ ಚಿಪ್‌ ಅನ್ನು ಎಲ್ಲದರ ಮುಂದೆ ಏಕಕಾಲಕ್ಕೆ ಹಿಡಿಯಿರಿ. ಮೂರು ಲಾಗ್‌ಗಳ ಅಂತರವೇ ನೀವು ಕಳೆಯಬೇಕಾದ ಅಥವಾ ಕೂಡಬೇಕಾದ ಮೊತ್ತ.

ಗನ್ ಟೈಮ್ ಮಾತ್ರ ತಪ್ಪಿದ್ದರೆ ಗುಂಡಿ ಒತ್ತಿದವರನ್ನು ವಿಚಾರಿಸಿ. ಅತಿಥಿಗಳು ಛಾಯಾಗ್ರಾಹಕರಿಗಾಗಿ ಬಾವುಟವನ್ನು ಎರಡು ಸಲ ಬೀಸುತ್ತಾರೆ. ಸವಾರರು ಹೊರಡುವುದು ಮೊದಲನೆಯದಕ್ಕೆ, ಗುಂಡಿ ಒತ್ತುವುದು ಎರಡನೆಯದಕ್ಕೆ. ಎಲ್ಲರೂ ಒಟ್ಟಿಗೇ ಹೊರಟ ರೇಸ್‌ನಲ್ಲಿ ಇದರಿಂದ ಸ್ಥಾನ ಬದಲಾಗದು, ಕಟ್-ಆಫ್ (ಮುಗಿಸಲು ಕೊಟ್ಟ ಸಮಯದ ಮಿತಿ) ಹತ್ತಿರ ಮುಗಿಸಿದವರ ಲೆಕ್ಕವಷ್ಟೇ ಏರುಪೇರು. ವಿಭಾಗಗಳನ್ನು ಐದೈದು ನಿಮಿಷದ ಅಂತರದಲ್ಲಿ ಬಿಟ್ಟಿದ್ದರೆ ಪ್ರತಿ ಬಾವುಟಕ್ಕೂ ಬೇರೆ ಗುಂಡಿ ಒತ್ತಲೇಬೇಕು. ಒಂದು ವಿಭಾಗದವರಿಗೆಲ್ಲ ಸರಿಸಮ ಐದು ನಿಮಿಷ ಹೆಚ್ಚು ಬಂದಿದ್ದರೆ ಬೇರೇನನ್ನೂ ಹುಡುಕಬೇಡಿ.

ದೋಷವಲ್ಲದ ದೂರುಗಳು

«ನನ್ನ ಚಿಪ್ ಟೈಮ್ ಕಡಿಮೆ, ಆದರೂ ಅವರು ಹೇಗೆ ನನಗಿಂತ ಮುಂದೆ, ಸರ್?» ಇದು ತಪ್ಪದೆ ಬರುವ ಪ್ರಶ್ನೆ. ಸೈಕಲ್ ರೇಸ್‌ನಲ್ಲಿ ಬಹುಮಾನದ ಸ್ಥಾನ ಗನ್ ಟೈಮ್‌ನಿಂದ, ಅಂದರೆ ಯಾರು ಮೊದಲು ಗೆರೆ ಮುಟ್ಟಿದರು ಎಂಬುದರಿಂದ ನಿರ್ಧಾರವಾಗಬೇಕು. ಗಾಳಿಯ ಮರೆಯಲ್ಲಿ ಗುಂಪಾಗಿ ಸಾಗುವ ಆಟವಿದು. ಹಿಂದಿನ ಸಾಲಿನಿಂದ ಅರ್ಧ ನಿಮಿಷ ತಡವಾಗಿ ಹೊರಟವರು ಗುಂಪನ್ನು ಸೇರಿಕೊಂಡು, ಒಮ್ಮೆಯೂ ಮುಂದೆ ಬಾರದೆ, ಚಿಪ್ ಟೈಮ್‌ನಲ್ಲಿ ಗೆದ್ದುಬಿಡಬಹುದು. ಇದನ್ನು ರೇಸ್‌ಗೆ ಮೊದಲೇ ಬರೆದು ಅಂಟಿಸಿ.

ಇಬ್ಬರ ನಡುವೆ ಸೆಕೆಂಡಿನ ಹತ್ತನೆಯ ಒಂದು ಪಾಲಿನ ವ್ಯತ್ಯಾಸವಿದ್ದರೆ ಚಿಪ್‌ನ ಮಾತನ್ನು ನಂಬಲೇಬೇಡಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐನ ನಿಯಮದಂತೆ ಮುಕ್ತಾಯವೆಂದರೆ ಮುಂದಿನ ಚಕ್ರದ ಟಯರ್ ಗೆರೆಯ ಅಂಚಿನಿಂದ ಮೇಲೇಳುವ ಲಂಬ ತಲವನ್ನು ಮುಟ್ಟುವ ಕ್ಷಣ. ಗೆರೆಯೂ ಹಾಗೆಯೇ: 72 ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿಯ ನಡುವೆ 4 ಸೆಂಟಿಮೀಟರ್ ಕಪ್ಪು. ಸೀಟ್ ಪೋಸ್ಟ್‌ನ ಚಿಪ್ ಟಯರಿನ ಅಂಚಿಗಿಂತ ಒಂದು ಮೀಟರ್‌ನಷ್ಟು ಹಿಂದಿದೆ. 40ರ ವೇಗದಲ್ಲಿ ಅದೇ ಸೆಕೆಂಡಿನ ಹತ್ತನೆಯ ಒಂದು ಪಾಲು. ಒಬ್ಬರ ಚಿಪ್ ಹ್ಯಾಂಡಲ್‌ನಲ್ಲಿ, ಇನ್ನೊಬ್ಬರದು ಬೆನ್ನಿನಲ್ಲಿ ಇದ್ದರಂತೂ ಹೋಲಿಕೆಗೇ ಅರ್ಥವಿಲ್ಲ. ದೊಡ್ಡ ರೇಸ್‌ಗಳಲ್ಲಿ ಇದಕ್ಕೆಂದೇ ಫೋಟೊ ಫಿನಿಶ್ ಕ್ಯಾಮೆರಾ ಇಡುತ್ತಾರೆ. ನಮ್ಮಲ್ಲಿ ಒಂದು ಮೊಬೈಲ್ ಸಾಕು, ಗೆರೆಯ ನೇರಕ್ಕೆ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ. ಸೆಕೆಂಡಿಗೆ 30 ಚಿತ್ರಗಳ ಸಾಮಾನ್ಯ ವಿಡಿಯೊದಲ್ಲಿ ಎರಡು ಚಿತ್ರಗಳ ನಡುವೆ ಸೈಕಲ್ 37 ಸೆಂಟಿಮೀಟರ್ ಸರಿದಿರುತ್ತದೆ, 240 ಚಿತ್ರಗಳ ನಿಧಾನಗತಿಯಲ್ಲಿ ಐದಕ್ಕಿಂತ ಕಡಿಮೆ.

ಹ್ಯಾಂಡಲ್‌ನ ಜಿಪಿಎಸ್ ಕಂಪ್ಯೂಟರ್ ತೋರಿಸಿ ಜಗಳಕ್ಕೆ ಬರುವವರಿಗೆ ಒಂದೇ ಪ್ರಶ್ನೆ: ಆಟೊ ಪಾಝ್ (ಸೈಕಲ್ ನಿಂತಾಗ ಎಣಿಕೆಯೂ ನಿಲ್ಲುವ ವ್ಯವಸ್ಥೆ) ಹಾಕಿತ್ತೇ? ಮಂಡಗದ್ದೆಯಲ್ಲಿ ಬಾಳೆಹಣ್ಣು ತಿನ್ನಲು ನಿಂತ ಆರು ನಿಮಿಷವನ್ನು ಅವರ ಯಂತ್ರ ಎಣಿಸಿಲ್ಲ, ನಮ್ಮದು ಎಣಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಮನಸ್ಸಿನಲ್ಲೇ ಅಂದುಕೊಂಡು, ಬಾಯಲ್ಲಿ ಮರ್ಯಾದೆಯಿಂದ ವಿವರಿಸಿ. ಬ್ರೆವೆ (ಸಮಯದ ಮಿತಿಯೊಳಗೆ ಮುಗಿಸುವ ದೂರದ ಸವಾರಿ) ಸವಾರರು ಮಾತ್ರ ಈ ತಕರಾರು ತೆಗೆಯುವುದಿಲ್ಲ. 200 ಕಿಲೋಮೀಟರಿಗೆ 13 ಗಂಟೆ 30 ನಿಮಿಷ ಎಂಬ ಮಿತಿ, ಕಾರ್ಡಿನ ಮೇಲೆ ಕಂಟ್ರೋಲ್‌ಗಳ ಮುದ್ರೆ, ಸ್ಥಾನವೇ ಇಲ್ಲ. ನಿಂತ ಹೊತ್ತೂ ಎಣಿಕೆಯಾಗುತ್ತದೆ ಎಂಬುದು ಅವರಿಗೆ ಅಭ್ಯಾಸವಾಗಿದೆ.

ಖಾಲಿ ಜಾಗ ತುಂಬುವುದು

ಚಿಪ್ ನಿಜವಾಗಿಯೂ ಓದಿಲ್ಲವೆಂದು ಖಚಿತವಾದ ಮೇಲೆ ಬ್ಯಾಕಪ್ ತೆರೆಯಿರಿ. ಮುಕ್ತಾಯದಲ್ಲಿ ಇಬ್ಬರು ಕೂತಿರಬೇಕು. ಒಬ್ಬರು ಬಿಬ್ ಸಂಖ್ಯೆಗಳನ್ನು ಬಂದ ಕ್ರಮದಲ್ಲಿ ಮೊಬೈಲ್ ರೆಕಾರ್ಡರ್‌ಗೆ ಹೇಳುತ್ತಾ, ಇನ್ನೊಬ್ಬರು ಬರೆಯುತ್ತಾ. ಪುಸ್ತಕದಲ್ಲಿ 301, 288, 317 ಎಂಬ ಕ್ರಮವಿದ್ದು ಲಾಗ್‌ನಲ್ಲಿ 288 ಇಲ್ಲದಿದ್ದರೆ, ಉಳಿದಿಬ್ಬರ ಸಮಯದ ನಡುವೆ 288 ಬಂದಿದ್ದಾರೆ. ವಿಡಿಯೊದಲ್ಲಿ 301ರ ನಂತರ ಎಷ್ಟು ಸೆಕೆಂಡಿಗೆ ದಾಟಿದರು ಎಂದು ಎಣಿಸಿ ಕೂಡಿ. ಹಾಗೆ ತುಂಬಿದ ಸಮಯವನ್ನು ಪೂರ್ಣ ಸೆಕೆಂಡಿನಲ್ಲಿ ಬರೆದು ಪಕ್ಕದಲ್ಲಿ ನಕ್ಷತ್ರ ಹಾಕಿ.

ತೀರ್ಥಹಳ್ಳಿಯ ಮ್ಯಾಟ್‌ನಲ್ಲಿ ಮಾತ್ರ ಓದಿಲ್ಲದವರನ್ನು ಅವಸರದಲ್ಲಿ ಅನರ್ಹಗೊಳಿಸಬೇಡಿ, ಅವಸರದಲ್ಲಿ ಬಿಟ್ಟೂಬಿಡಬೇಡಿ. ಶಿವಮೊಗ್ಗದಲ್ಲೂ ಆಗುಂಬೆಯಲ್ಲೂ ಅವರ ಆಚೀಚೆ ಇದ್ದವರು ಅದೇ ಸವಾರರಾಗಿದ್ದರೆ, ಆ ಆಚೀಚಿನವರು ತೀರ್ಥಹಳ್ಳಿಯಲ್ಲಿ ಓದಿಸಿಕೊಂಡಿದ್ದರೆ, ತಪ್ಪಿದ್ದು ಮ್ಯಾಟ್. ಆರಂಭದಲ್ಲಿ ಕೊನೆಯ ಸಾಲಿನಲ್ಲಿದ್ದವರು ಆಗುಂಬೆಯಲ್ಲಿ ಮೊದಲ ಇಪ್ಪತ್ತರೊಳಗೆ ಇದ್ದು, ನಡುವೆ ಯಾವ ಪಟದಲ್ಲೂ ಕಾಣದಿದ್ದರೆ, ಅವರನ್ನು ಹತ್ತಿಸಿಕೊಂಡ ಪಿಕಪ್ ವ್ಯಾನಿನ ಚಾಲಕರಿಗೆ ಒಂದು ಫೋನ್ ಮಾಡಿ.

ಪಟ್ಟಿಯ ತಲೆಯ ಮೇಲೆ ‘ತಾತ್ಕಾಲಿಕ’ ಎಂದು ಬರೆದು ಹೊತ್ತು ನಮೂದಿಸಿ ಅಂಟಿಸಿ, ಆಕ್ಷೇಪಕ್ಕೆ ಅರ್ಧ ಗಂಟೆ ಕೊಡಿ, ಆಮೇಲೆ ಬಹುಮಾನ ಕರೆಯಿರಿ. ಬಾಡಿಗೆಯ ರೀಡರ್ ಹಿಂದಿರುಗಿಸುವ ಮುನ್ನ ಅದರ ಲಾಗ್‌ನ ಇನ್ನೊಂದು ಪ್ರತಿಯನ್ನು ಆಯೋಜಕರ ಲ್ಯಾಪ್‌ಟಾಪಿಗೂ ಹಾಕಿ. ಮುಂದಿನ ಬಾಡಿಗೆದಾರರ ಮೊದಲ ಕೆಲಸ ಅದನ್ನು ಅಳಿಸುವುದು, ಇಮೇಲ್‌ನಲ್ಲಿ ಬರುವ ದೂರುಗಳು ಶುರುವಾಗುವುದು ಮಂಗಳವಾರದಿಂದ.